ಸಾಧಕ ಹಳೆ ವಿದ್ಯಾರ್ಥಿಗಳ ಫಲಕ: ಹಿತ್ತಾಳೆಯೋ ಕಲ್ಲೋ?

ಪ್ರಶ್ನೆ: ಉಡುಪಿ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಸಾಧಕರ ಹೆಸರಿನ ಫಲಕ ಹಾಕಬೇಕೆಂದಿದ್ದೇವೆ. ಯಾವುದರಲ್ಲಿ ಮಾಡಿಸಿದರೆ ಬಾಳಿಕೆ ಬರುತ್ತದೆ?

ಉತ್ತರ 1: ಹಿತ್ತಾಳೆ ಬೇಡ ಮಾರಾಯ್ರೆ. ಕಡಲ ಉಪ್ಪುಗಾಳಿಗೆ ಕಪ್ಪಾಗಿ, ಅಂಚಿನಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಪ್ಲೈವುಡ್ಡಿಗೆ ಗೆದ್ದಲು. ಪಾಲಿಶ್ ಮಾಡಿದ ಕರಿಗಲ್ಲಿನಲ್ಲಿ ಅಕ್ಷರ ಕೊರೆಸಿ. ಬರೀ ಬಣ್ಣದಲ್ಲಿ ಬರೆಸಿದ್ದು ಉಳಿಯುವುದಿಲ್ಲ. ಕೆಳಗೆ ಮೂರನೇ ಒಂದು ಭಾಗ ಖಾಲಿ ಬಿಡಿ, ಮುಂದಿನ ಹೆಸರುಗಳಿಗೆ ಬೇಕು.

ಉತ್ತರ 2: ಎಡವುವುದು ಹೆಸರಿನಲ್ಲೇ. ದಾಖಲಾತಿ ರಿಜಿಸ್ಟರ್ ನೋಡಿಯೇ ಪಟ್ಟಿ ಮಾಡಿ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳು ಬಿಟ್ಟುಹೋಗುತ್ತಾರೆ. ಎರಡೂ ಹೆಸರು, ಎಸ್ಸೆಸ್ಸೆಲ್ಸಿ ವರ್ಷ ಬರೆಸಿ. ಕೊರೆಯುವ ಮೊದಲು ಕರಡು ಪ್ರತಿಗೆ ಮನೆಯವರ ಸಹಿ ಬೇಕೇ ಬೇಕು. ಡಾಕ್ಟರು, ಇಂಜಿನಿಯರರ ಜೊತೆ ಯಕ್ಷಗಾನದ ಭಾಗವತರು, ಕೃಷಿಕರೂ ಸಾಧಕರೇ, ದಯವಿಟ್ಟು ಮರೆಯಬೇಡಿ.

ಉತ್ತರ 3: ಫಲಕದ ಜೊತೆ ಸಾಧಕರಿಗೆ ಸನ್ಮಾನವನ್ನೂ ಇಟ್ಟುಕೊಂಡರೆ, ದಿನಕ್ಕೆ 5 ಜನರಿಗೆ ಸಾಕು. ಶಾಲು, ಹಾರ, ಹಣ್ಣಿನ ಬುಟ್ಟಿ, ಸನ್ಮಾನಪತ್ರ ವಾಚನ ಸೇರಿದರೆ ತಲಾ 10 ನಿಮಿಷ. ಮಕ್ಕಳು ಬಿಸಿಲಲ್ಲಿ ಕೂತಿರುತ್ತಾರೆ.