ಪದಚರ್ಚೆ: ಅಂಗೈಯಲ್ಲಿ ಅಕ್ರೋಟು ತಿರುಗಿಸುವ ‘ಪಾನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಬೀಜಿಂಗಿನ ಹಳೆಯ ಓಣಿಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದದ ಹತ್ತಿರ ಬಂದು ನಾಲ್ಕು ದಿನದಿಂದ ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ಅಲ್ಲಿ ಪಾರ್ಕಿನಲ್ಲಿ, ಓಣಿಯ ಬಾಯಲ್ಲಿ ಕೂತು ಹರಟುವ ಹಿರಿಯರ ಕೈಯಲ್ಲಿ ಎರಡು ಅಕ್ರೋಟು ಇರುತ್ತವೆ, ಚಿಪ್ಪು ಒಡೆಯದವು. ಮಾತು ಮಾತಿನ ಪಾಡಿಗೆ, ಬೆರಳು ಬೆರಳಿನ ಪಾಡಿಗೆ. ಒಂದರ ಸುತ್ತ ಒಂದು ಸುತ್ತುತ್ತಲೇ ಇರುತ್ತದೆ. ತಿನ್ನುವುದಕ್ಕಲ್ಲ. ಇದಕ್ಕೆ ಹೆಚ್ಚಾಗಿ ಬಳಸುವ ‘ಮಾ ಹಥಾವ್’ ಎಂಬ ಜಾತಿಯಲ್ಲಿ ಚಿಪ್ಪೇ ಜಾಸ್ತಿ, ತಿರುಳು ಕಡಿಮೆ. ವರ್ಷಗಟ್ಟಲೆ ತಿರುಗಿಸಿದರೆ ಕೈಯ ಬೆವರು, ಜಿಡ್ಡು ಚಿಪ್ಪಿಗೆ ಇಳಿಯುತ್ತದೆ. ಮೊದಲು ಮಾಸಲು ಕಂದು ಬಣ್ಣದಲ್ಲಿದ್ದ ಕಾಯಿ ನಿಧಾನವಾಗಿ ಕೆಂಪಗೆ ಹೊಳೆಯತೊಡಗುತ್ತದೆ.

ಈ ಕೆಲಸಕ್ಕೆ ಚೀನಿಯರು ‘ಪಾನ್’ ಅನ್ನುತ್ತಾರೆ. ‘ಪ’ಕ್ಕೆ ಸ್ವಲ್ಪ ಉಸಿರು ಕೊಟ್ಟು ಹೇಳಬೇಕು. ನಾಮಪದವಾದರೆ ಇದೇ ಪದಕ್ಕೆ ತಟ್ಟೆ ಎಂಬ ಅರ್ಥ. ಕ್ರಿಯಾಪದವಾದರೆ ಸುತ್ತು, ಸುರುಳಿ ಹಾಕು. ಚಕ್ಕಳಮಕ್ಕಳ ಹಾಕಿ ಕೂರುವುದಕ್ಕೂ ‘ಪಾನ್’ ಸೇರಿಸಿಯೇ ಹೇಳುತ್ತಾರೆ. ಅಕ್ರೋಟಿನ ಜೊತೆ ಬಂದಾಗ ಅದರಲ್ಲಿ ಎರಡು ಸಂಗತಿ ಸೇರಿಕೊಳ್ಳುತ್ತವೆ. ಕೈಯಲ್ಲಿ ಸುತ್ತಿಸುವುದು ಒಂದು, ಸುತ್ತಿಸಿ ಸುತ್ತಿಸಿ ಹದಕ್ಕೆ ತರುವುದು ಇನ್ನೊಂದು. ನನ್ನ ತೊಡಕೆಲ್ಲ ಇಲ್ಲೇ ಇದೆ.

‘ಉರುಳಿಸು’ ಅಂತ ಬರೆದೆ. ನೆಲದ ಮೇಲೆ ಗೋಲಿ ಉರುಳಿಸಿದ ಹಾಗಾಯಿತು. ‘ಹೊರಳಿಸು’ ವಾಸಿ, ಆದರೆ ಹದದ ಸುಳಿವು ಅದರಲ್ಲಿಲ್ಲ. ‘ಉಜ್ಜು’ ಅಂದರೆ ಪಾತ್ರೆ ನೆನಪಾಗುತ್ತದೆ. ಕೊನೆಗೆ ಹೊಳೆದದ್ದು ನಮ್ಮ ಅಡುಗೆಮನೆಯ ಮಾತು, ‘ಪಳಗಿಸು’. ಹೊಸ ದೋಸೆ ಕಾವಲಿಗೆ ಎಣ್ಣೆ ಸವರಿ, ಕಾಯಿಸಿ, ಮತ್ತೆ ಸವರಿ ಪಳಗಿಸುತ್ತೇವಲ್ಲ, ಅದೇ. ಪಳಗಿದ ಕಾವಲಿಯ ಮೇಲಿನ ಆ ನುಣುಪಿಗೂ ಅಕ್ರೋಟಿನ ಹೊಳಪಿಗೂ ಹತ್ತಿರದ ನಂಟಿದೆ. ಎರಡೂ ಅಂಗಡಿಯಲ್ಲಿ ಬಳಿದ ಬಣ್ಣವಲ್ಲ, ಬಳಕೆಯಿಂದ ಕೂತದ್ದು. ಆದರೆ ‘ಅಕ್ರೋಟು ಪಳಗಿಸು’ ಅಂದರೆ ಕೈ ಕಾಣುವುದಿಲ್ಲ. ಹಾಗಾಗಿ ಸದ್ಯಕ್ಕೆ ‘ಕೈಯಾಡಿಸಿ ಪಳಗಿಸು’ ಅಂತ ಇಟ್ಟುಕೊಂಡಿದ್ದೇನೆ. ‘ಕೈಯಾಡಿಸುತ್ತಾ ಇರಿ, ತಳ ಹಿಡಿಯುತ್ತೆ’ ಅಂತ ಹೇಳುವಾಗ ಇರುವ ಎಡೆಬಿಡದ ಚಲನೆ ನನಗೆ ಬೇಕಾಗಿತ್ತು. ‘ಆಡಿಸು’ ಇನ್ನೊಂದು ಕಾರಣಕ್ಕೂ ಇಷ್ಟವಾಯಿತು. ಇಂಥ ಅಕ್ರೋಟಿಗೆ ಅವರು ‘ವೆನ್‌ವಾನ್ ಹಥಾವ್’ ಅನ್ನುತ್ತಾರೆ. ‘ವೆನ್’ ಅಂದರೆ ಓದುಬರಹ, ‘ವಾನ್’ ಅಂದರೆ ಆಟ.

ಮೇಲೆ ಕೂರುವ ಆ ಹೊಳಪಿಗೆ ‘ಬಾವ್‌ಜಿಯಾಂಗ್’ ಅನ್ನುವ ಬೇರೆಯೇ ಪದವಿದೆ. ಬಿಡಿಸಿದರೆ ‘ಗಟ್ಟಿ ರಸದ ಹೊದಿಕೆ’. ‘ಮೆರುಗು’ ಸಾಲದು, ಅದನ್ನು ಹೊರಗಿನಿಂದಲೂ ಕೊಡಬಹುದು. ಬೀಸುವ ಕಲ್ಲಿನ ಗೂಟ ಎಷ್ಟೋ ಕೈ ತಾಗಿ ನುಣ್ಣಗಾಗಿರುತ್ತದೆ ಅಲ್ವಾ? ಆ ನುಣುಪಿಗೆ ನಿಮ್ಮ ಕಡೆ ಹೆಸರಿದೆಯಾ?

ಇನ್ನೊಂದು ಗಂಟು. ತಿರುಗಿಸುವುದರಲ್ಲಿ ಎರಡು ಬಗೆ. ಒಂದಕ್ಕೊಂದು ತಾಗದಂತೆ, ಸದ್ದಿಲ್ಲದೆ ಸುತ್ತಿಸುವುದು ‘ವೆನ್ ಪಾನ್’. ಕಟಕಟ ಅನ್ನಿಸುತ್ತಾ ಸುತ್ತಿಸುವುದು ‘ವೂ ಪಾನ್’. ತಾಗಿದರೆ ಚಿಪ್ಪಿನ ಗೆರೆಗಳು ಸವೆಯುತ್ತವೆ ಅಂತ ಅಕ್ಕರೆಯವರು ಮೊದಲನೆಯದನ್ನೇ ಮಾಡುತ್ತಾರೆ. ‘ವೆನ್’ ಮೇಲೆ ಹೇಳಿದ ಓದುಬರಹದ್ದು, ‘ವೂ’ ಕತ್ತಿಗುರಾಣಿಯದು. ‘ಪಂಡಿತ ಹೊರಳು, ಸೈನಿಕ ಹೊರಳು’ ಅಂತ ಬರೆದು ನೋಡಿದೆ, ಓದುವವರಿಗೆ ಏನೂ ತಿಳಿಯದು. ಆಮೇಲೆ ಗೊತ್ತಾಯಿತು, ಚೀನಿ ಅಡುಗೆಯಲ್ಲೂ ಇದೇ ಜೋಡಿ ಇದೆ. ‘ವೆನ್’ ಬೆಂಕಿ ಅಂದರೆ ನಮ್ಮ ಸಣ್ಣ ಉರಿ, ‘ವೂ’ ಬೆಂಕಿ ಅಂದರೆ ಜೋರು ಉರಿ. ಅಂದರೆ ರೂಢಿಯಲ್ಲಿ ಇದು ಮೆದು ಮತ್ತು ಬಿರುಸು, ಅಷ್ಟೇ. ‘ಮೆದುಗೈ, ಬಿರುಸುಗೈ’ ಸರಿಹೋದೀತೇ?

ಅಕ್ರೋಟಿನ ಹೆಸರಲ್ಲೂ ಒಂದು ಖುಷಿಯ ಸಂಗತಿ ಸಿಕ್ಕಿತು. ‘ಹಥಾವ್’ಗೆ ‘ಹೂಥಾವ್’ ಎಂಬ ಇನ್ನೊಂದು ರೂಪವಿದೆ. ‘ಥಾವ್’ ಪೀಚ್ ಹಣ್ಣು. ‘ಹೂ’ ಅಂದರೆ ಉತ್ತರ, ಪಶ್ಚಿಮ ಗಡಿಯಾಚೆಯ ಹೊರಗಿನವರು. ನಮ್ಮ ‘ಸೀಮೆ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಇದ್ದ ಹಾಗೆ ಅದು ‘ಸೀಮೆಪೀಚು’. ಅವರ ‘ಹೂಜ್ಯಾವ್’ ಯಾವುದು ಗೊತ್ತಾ? ನಮ್ಮ ಪಶ್ಚಿಮಘಟ್ಟದ ಕರಿಮೆಣಸು. ನಮ್ಮ ಮನೆಬಳ್ಳಿ ಅಲ್ಲಿ ಸೀಮೆಯದಾಗಿದೆ!

ಕಾಯಿಯ ಆಕಾರಕ್ಕೆ ಸಿಂಹದ ತಲೆ, ಕೋಳಿಯ ಗುಂಡಿಗೆ, ಅಧಿಕಾರಿಯ ಟೋಪಿ ಅಂತೆಲ್ಲ ಹೆಸರಿದೆ. ಅವು ಹಾಗೇ ಕನ್ನಡಕ್ಕೆ ಬರುತ್ತವೆ, ತೊಂದರೆಯಿಲ್ಲ.

ಗಾದೆಗಳೇ ಕಷ್ಟ. ಮಂಚು ರಾಜವಂಶದ ಕುಮಾರರ ಕೈಯಲ್ಲಿ ಮೂರು ಒಡವೆ, ‘ಹೆಬ್ಬೆರಳ ಉಂಗುರ, ಅಕ್ರೋಟು, ಪಂಜರದ ಹಕ್ಕಿ’ ಅಂತ ಒಂದು. ಇನ್ನೊಂದು, ‘ಅಕ್ರೋಟು ಕೈ ಬಿಡದಿದ್ದರೆ 89 ಬದುಕುತ್ತೀ’. ಚೀನಿಯಲ್ಲಿ ಕೈಗೆ ‘ಶೋ’, 89ರ ಕೊನೆಗೆ ಬರುವ ಒಂಬತ್ತಕ್ಕೆ ‘ಜ್ಯೋ’. ಪ್ರಾಸ ತಾನಾಗಿ ಕೂತಿದೆ. ಮುಂದಿನ ಸಾಲು ‘ಛ್ಯೆನ್‌ಲುಂಗ್ ದೊರೆಯನ್ನೂ ಮೀರಿಸುತ್ತೀ’. 1711ರಲ್ಲಿ ಹುಟ್ಟಿದ ಆ ದೊರೆ ತೀರಿಕೊಂಡದ್ದು 1799ರಲ್ಲಿ. ಹುಟ್ಟಿದಾಗಲೇ ಒಂದು ವರ್ಷ ಅಂತ ಲೆಕ್ಕ ಹಿಡಿಯುವ ಅವರ ಎಣಿಕೆಯಲ್ಲಿ ಸರಿಯಾಗಿ 89. ಪ್ರಾಸಕ್ಕಾಗಿ ನಾನು ‘ನೂರು’ ಅಂತ ಹಾಕಿದರೆ ದೊರೆಗೂ ಗಾದೆಗೂ ಇರುವ ಕೊಂಡಿ ಕಳಚುತ್ತದೆ. ಸಂಖ್ಯೆ ಬಿಡಲು ಮನಸ್ಸಿಲ್ಲ.

ಗಜ್ಜುಗದ ಕಾಯಿ, ಕವಡೆ, ಐದು ಕಲ್ಲಿನ ಆಟ ಆಡಿ ಬೆಳೆದವರು ಇಲ್ಲಿ ಜಾಸ್ತಿ ಇದ್ದೀರಿ. ಆಡುವ ಮೊದಲು ಅವನ್ನು ಅಂಗೈಯಲ್ಲಿಟ್ಟು ಸುಮ್ನೆ ತಿರುಗಿಸುತ್ತಿದ್ದಿರಲ್ಲ, ಅದಕ್ಕೆ ನಿಮ್ಮ ಊರಲ್ಲಿ ಏನನ್ನುತ್ತಿದ್ದರು? ಉತ್ತರ ಕರ್ನಾಟಕ, ಕರಾವಳಿ ಕಡೆಯವರು ದಯವಿಟ್ಟು ಹೇಳಿ. ಒಂದೇ ಪದ ಸಿಕ್ಕರೂ ಸಾಕು, ‘ಕೈಯಾಡಿಸಿ ಪಳಗಿಸು’ ತೆಗೆದು ಅದನ್ನೇ ಹಾಕುತ್ತೇನೆ.