ಎಫ್/16ರಲ್ಲಿ ಆಕಾಶದ ತುಂಬ ಚುಕ್ಕೆ: ಸೆನ್ಸರ್ ನಾನೇ ಒರೆಸಬಹುದೇ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನನ್ನದು ಫುಲ್ ಫ್ರೇಮ್ ಡಿಎಸ್ಎಲ್ಆರ್. ಲೆನ್ಸಿನ ಕಿಂಡಿ ಅಗಲವಾಗಿರುವ ಎಫ್/4ರಲ್ಲಿ ತೆಗೆದ ಫೋಟೋಗಳು ಚೆನ್ನಾಗಿವೆ, ಎಫ್/16ಕ್ಕೆ ಹೋದರೆ ಆಕಾಶದಲ್ಲಿ ಬೂದು ಚುಕ್ಕೆಗಳು ಕಾಣುತ್ತವೆ. ಲೆನ್ಸಿನ ಮುಂದಿನ ಗಾಜು ಒರೆಸಿದರೂ ಹೋಗಲಿಲ್ಲ. ಮೆನುವಿನಲ್ಲಿ ಸೆನ್ಸರ್ (ಚಿತ್ರ ಹಿಡಿಯುವ ಭಾಗ) ಕ್ಲೀನಿಂಗ್ ಹಾಕಿದೆ, ಕೆಲವು ಮಾತ್ರ ಹೋದವು. ಸ್ವಾಬ್ (ತುದಿಗೆ ಬಟ್ಟೆ ಇರುವ ಒರೆಸುವ ಕಡ್ಡಿ) ತರಿಸಿ ನಾನೇ ಒರೆಸಬಹುದೇ? ಗೀರು ಬಿದ್ದೀತು ಅಂತ ಭಯ.

ಉತ್ತರ (ಕ್ಯಾಮೆರಾ ರಿಪೇರಿ ಮಾಡುವವರು): ಒರೆಸಬಹುದು ಸರ್, ಆದರೆ ಸ್ವಾಬ್ ಕೊನೆಯ ಮೆಟ್ಟಿಲು. ನೀವು ಹೇಳಿದ ಲಕ್ಷಣ ಸೆನ್ಸರ್ ಧೂಳಿನದೇ. ಧೂಳು ಕೂರುವುದು ಸೆನ್ಸರಿನ ಮುಂದಿರುವ ಫಿಲ್ಟರ್ ಗಾಜಿನ ಮೇಲೆ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಅಗಲವಾಗಿದ್ದಾಗ ಬೆಳಕು ನಾನಾ ಕೋನಗಳಿಂದ ಬಂದು ಅದರ ನೆರಳನ್ನು ಕರಗಿಸಿಬಿಡುತ್ತದೆ. ಎಫ್/16ರ ಕಿರಿದಾದ ಕಿಂಡಿಯಲ್ಲಿ ಅದೇ ನೆರಳು ಗಟ್ಟಿಯಾಗಿ ಬೀಳುತ್ತದೆ. ಲೆನ್ಸ್ ಬದಲಿಸಿದರೂ ಚುಕ್ಕೆ ಅದೇ ಜಾಗದಲ್ಲಿದ್ದರೆ ಇನ್ನು ಅನುಮಾನ ಬೇಡ. ವ್ಯೂಫೈಂಡರಿನಲ್ಲಿ ಮಾತ್ರ ಕಂಡು ಫೋಟೋದಲ್ಲಿ ಕಾಣದ ಕಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದು ವ್ಯೂಫೈಂಡರಿಗೆ ಚಿತ್ರ ಮೂಡಿಸುವ ಫೋಕಸಿಂಗ್ ಸ್ಕ್ರೀನಿನದು.

ಮೊದಲು ಒಂದು ಟೆಸ್ಟ್ ಫೋಟೋ ತೆಗೆಯಿರಿ. ಐಎಸ್ಒ 100, ಎಫ್/22, ಮ್ಯಾನುಯಲ್ ಫೋಕಸ್ ಇನ್ಫಿನಿಟಿಯಲ್ಲಿ, ಎಕ್ಸ್‌ಪೋಷರ್ ಒಂದು ಸ್ಟಾಪ್ (ಎರಡರಷ್ಟು ಬೆಳಕು) ಹೆಚ್ಚು. ಬಿಳಿ ಗೋಡೆಯನ್ನೋ ಖಾಲಿ ಬಿಳಿ ಪರದೆಯನ್ನೋ ಹತ್ತಿರದಿಂದ ತೆಗೆಯಿರಿ. ಶಟರ್ ತೆರೆದಿರುವಾಗ ಕ್ಯಾಮೆರಾವನ್ನು ಬೇಕಂತಲೇ ಅಲ್ಲಾಡಿಸಿ. ಗೋಡೆಯ ಗೆರೆಗಳು ಕಲಸಿಹೋಗುತ್ತವೆ, ಧೂಳಿನ ಚುಕ್ಕೆ ಮಾತ್ರ ಕದಲುವುದಿಲ್ಲ. ಫೋಟೋವನ್ನು ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಿ 100 ಪರ್ಸೆಂಟ್‌ನಲ್ಲಿ ನೋಡಿ. ಇನ್ನೊಂದು ಮಾತು, ಸೆನ್ಸರಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಕ್ಯಾಮೆರಾವನ್ನು ನೆಟ್ಟಗೆ ಹಿಡಿದು ಮೌಂಟಿನ (ಲೆನ್ಸ್ ಕೂರುವ ಬಾಯಿಯ) ಕಡೆಯಿಂದ ನೋಡಿದರೆ ಫೋಟೋದ ಮೇಲಿನ ಚುಕ್ಕೆ ಸೆನ್ಸರಿನ ಕೆಳಗಿರುತ್ತದೆ, ಎಡದ್ದು ಎಡಕ್ಕೇ ಇರುತ್ತದೆ.

ಆಮೇಲೆ ಬ್ಲೋವರ್, ಅಂದರೆ ಕೈಯಿಂದ ಒತ್ತಿ ಗಾಳಿ ಊದುವ ರಬ್ಬರ್ ಬುರುಡೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ಕೈಯಿಂದ ಕ್ಲೀನ್ ಮಾಡುವ ಮೋಡ್ ಆರಿಸಿ. ಅದರಲ್ಲಿ ಕನ್ನಡಿ ಮೇಲೇಳುತ್ತದೆ, ಶಟರ್ ತೆರೆಯುತ್ತದೆ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಶಟರ್ ತೆರೆದಿರುವ ಬಲ್ಬ್ ಮೋಡಿನಲ್ಲಿ ಈ ಕೆಲಸ ಬೇಡವೇ ಬೇಡ. ಬಟನ್ ಮೇಲಿನ ಬೆರಳು ಜಾರಿದರೆ ಶಟರಿನ ಪರದೆ ಉಪಕರಣದ ಮೇಲೇ ಮುಚ್ಚುತ್ತದೆ. ಬ್ಲೋವರನ್ನು ಮೊದಲು ಬೇರೆ ಕಡೆ ನಾಲ್ಕೈದು ಸಲ ಒತ್ತಿ ಒಳಗಿನ ಧೂಳು ಹೊರಹಾಕಿ. ಮೌಂಟ್ ನೆಲ ನೋಡುವಂತೆ ಕ್ಯಾಮೆರಾ ಹಿಡಿದು, ಮೂತಿಯನ್ನು ಮೌಂಟಿನ ಒಳಕ್ಕೆ ತೂರಿಸದೆ, ಎಂಟು ಹತ್ತು ಸಲ ಜೋರಾಗಿ ಊದಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಡಬ್ಬಿ ಗಾಳಿಯೂ ಬೇಡ, ಒಳಗಿನ ದ್ರವ ಚಿಮ್ಮಿ ಗಾಜಿನ ಮೇಲೆ ಕಲೆಯಾಗುತ್ತದೆ. ಮತ್ತೆ ಟೆಸ್ಟ್ ಫೋಟೋ ತೆಗೆಯಿರಿ. ಮುಕ್ಕಾಲು ಪಾಲು ಕೇಸು ಇಲ್ಲಿಗೇ ಮುಗಿಯುತ್ತದೆ.

ಗೀರಿನ ಭಯ ಇದೆ ಅಂದಿರಲ್ಲ. ಸ್ವಾಬಿನ ಬಟ್ಟೆ ಗೀರುವುದಿಲ್ಲ, ಅದರಡಿ ಸಿಕ್ಕ ಮರಳಿನ ಕಣ ಗೀರುತ್ತದೆ. ಊದದೆ ಒರೆಸುವುದು ಅದಕ್ಕೇ ತಪ್ಪು.

ಮರುಪ್ರಶ್ನೆ: ಊದಿದ ಮೇಲೆ ಬಹುತೇಕ ಹೋದವು, ತುಂಬ ಥ್ಯಾಂಕ್ಸ್. ಮೂರು ಉಳಿದಿವೆ. ಒಂದರ ನಡು ಕಪ್ಪಗಿದ್ದು ಸುತ್ತ ತಿಳಿಬಣ್ಣದ ಉಂಗುರ ಇದೆ. ಇದೇನು?

ಉತ್ತರ: ಉಂಗುರ ಇದ್ದರೆ ಬಹುಮಟ್ಟಿಗೆ ಎಣ್ಣೆಯ ಹನಿ, ಶಟರ್ ಅಥವಾ ಕನ್ನಡಿಯ ಯಂತ್ರಭಾಗದಿಂದ ಸಿಡಿದದ್ದು. ಅದು ಗಾಳಿಗೆ ಜಗ್ಗುವುದಿಲ್ಲ, ಒದ್ದೆ ಸ್ವಾಬೇ ಬೇಕು. ಅಗಲ ಸೆನ್ಸರಿಗೆ ಸರಿಹೊಂದಬೇಕು: 36×24 ಮಿ.ಮೀ. ಫುಲ್ ಫ್ರೇಮಿಗೆ 24 ಮಿ.ಮೀ., ಅದಕ್ಕಿಂತ ಚಿಕ್ಕ ಎಪಿಎಸ್-ಸಿ ಸೆನ್ಸರಿಗೆ 16 ಮಿ.ಮೀ. ಸ್ವಾಬ್. ಸೆನ್ಸರಿಗೆಂದೇ ಮಾಡಿದ, ಬೇಗ ಆರುವ ದ್ರಾವಣ ತೆಗೆದುಕೊಳ್ಳಿ. ಮೆಥನಾಲ್ ಇರುವಂಥದ್ದು ವಿಷ, ಬೆಂಕಿಯೂ ಬೇಗ ಹತ್ತುತ್ತದೆ, ಕಿಟಕಿ ತೆರೆದಿರಲಿ.

ಸ್ವಾಬಿನ ಅಂಚಿಗೆ ಎರಡು ಹನಿ ಸಾಕು. ಹನಿ ಹಾಕಿದ ಮೇಲೆ ಬಟ್ಟೆ ಅದನ್ನು ಹೀರಿಕೊಳ್ಳಲು ಕೆಲವು ಸೆಕೆಂಡ್ ಬಿಡಿ. ಸೆನ್ಸರಿನ ಒಂದು ತುದಿಯಲ್ಲಿ ಸ್ವಾಬನ್ನು ಇಟ್ಟು, ಎಳೆಯುವ ದಿಕ್ಕಿಗೆ ಸ್ವಲ್ಪ ವಾಲಿಸಿ, ಅಂಚು ತುಸುವೇ ಬಾಗುವಷ್ಟು ಒತ್ತಿ, ಇನ್ನೊಂದು ತುದಿಯವರೆಗೆ ಒಂದೇ ಸಮನೆ ಎಳೆಯಿರಿ. ಅಲ್ಲಿ ಮೇಲೆತ್ತಿ, ಮಗ್ಗುಲು ತಿರುಗಿಸಿ, ಒರೆಸದ ಕಡೆಯಿಂದ ವಾಪಸ್ ಬನ್ನಿ. ನಡುವೆ ನಿಲ್ಲಿಸಬೇಡಿ, ಕಲೆ ಕಂಡಲ್ಲಿ ತಿಕ್ಕಬೇಡಿ. ಎರಡೂ ಮಗ್ಗುಲು ಮುಗಿದರೆ ಆ ಸ್ವಾಬ್ ಕಸದ ಬುಟ್ಟಿಗೆ. ಉಳಿತಾಯಕ್ಕೆಂದು ಅದರಲ್ಲೇ ಮತ್ತೆ ಒರೆಸಿದರೆ ತೆಗೆದ ಕೊಳೆಯನ್ನೇ ವಾಪಸ್ ಬಳಿದಂತಾಗುತ್ತದೆ.

ಇನ್ನೊಬ್ಬ ಸದಸ್ಯರು: ಮೇಲಿನ ರೀತಿಯಲ್ಲೇ ಒರೆಸಿದೆ ಸರ್, ಈಗ ಒಂದು ಅಂಚಿನಲ್ಲಿ ಮೋಡದಂಥ ಪಟ್ಟೆ ಬಂದಿದೆ. ಹತ್ತಿಯ ಕಡ್ಡಿಗೆ ಸರ್ಜಿಕಲ್ ಸ್ಪಿರಿಟ್ ಹಾಕಿ ತೆಗೆಯಲೇ?

ಉತ್ತರ: ಖಂಡಿತ ಬೇಡ. ಹತ್ತಿ ಎಳೆ ಬಿಡುತ್ತದೆ, ಸ್ಪಿರಿಟ್ಟಿನಲ್ಲಿರುವ ನೀರು ಮತ್ತಿತರ ಅಂಶ ಆರಿದ ಮೇಲೆ ಕಲೆಯಾಗಿ ಉಳಿಯುತ್ತದೆ. ನಿಮ್ಮ ಪಟ್ಟೆ ದ್ರಾವಣ ಹೆಚ್ಚಾದ ಗುರುತು. ಸ್ವಾಬ್ ದಾಟಿದ ಮೇಲೂ ಗಾಜು ಒದ್ದೆಯಾಗಿ ಉಳಿದರೆ ಅಂಚಿನಲ್ಲಿ ದ್ರಾವಣ ಆರಿ ಪಟ್ಟೆ ಕಟ್ಟುತ್ತದೆ. ಹೊಸ ಸ್ವಾಬಿಗೆ ಒಂದೇ ಹನಿ ಹಾಕಿ ಇನ್ನೊಮ್ಮೆ ಎಳೆಯಿರಿ. ಸ್ವಾಬ್ ಗಾಜಿಗೆ ಅಂಟಿದಂತೆ ತಡವರಿಸಿದರೆ ಮಾತ್ರ ಹನಿ ಕಡಿಮೆಯಾಯಿತು ಅಂತ ಅರ್ಥ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಬಳಸುವ ಸದಸ್ಯೆ: ನನ್ನ ಕ್ಯಾಮೆರಾದಲ್ಲಿ ಕೈನಡುಕ ಸರಿದೂಗಿಸಲು ಸೆನ್ಸರ್ ಅಲುಗಾಡುವ ಸ್ಟೆಬಿಲೈಸೇಷನ್ ಇದೆ. ಒತ್ತಿದರೆ ಹಾಳಾಗುವುದಿಲ್ಲವೇ?

ಉತ್ತರ (ಇನ್ನೊಬ್ಬ ಟೆಕ್ನಿಷಿಯನ್): ಹಗುರ ಕೈ ಇದ್ದರೆ ಏನೂ ಆಗದು ಮೇಡಂ. ಸೆನ್ಸರ್ ಸ್ವಲ್ಪ ಸರಿದರೆ ಗಾಬರಿ ಬೇಡ, ಅದನ್ನು ಬೆರಳಿನಿಂದ ಹಿಡಿದು ನಿಲ್ಲಿಸಲು ಮಾತ್ರ ಹೋಗಬೇಡಿ. ಕ್ಯಾಮೆರಾ ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುವ ಆಯ್ಕೆ ಕೆಲವು ಮಾಡೆಲ್‌ಗಳಲ್ಲಿದೆ, ಕ್ಲೀನ್ ಮಾಡುವ ಮೊದಲು ಆ ಆಯ್ಕೆಯನ್ನು ಆಫ್ ಮಾಡಿಡಿ. ಶಟರಿನ ಆ ತೆಳು ಪರದೆಗೆ ಬ್ಲೋವರಿನ ಮೂತಿ ತಗುಲಿದರೂ ಕೆಲಸ ಕೆಟ್ಟಿತು.

ಧೂಳು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ನೋಡಿ. ಬಹಳ ಜನ ಲೆನ್ಸಿನ ಹಿಂದಿನ ಮುಚ್ಚಳವನ್ನು ಜೇಬಿಗೋ ಬ್ಯಾಗಿಗೋ ಹಾಕುತ್ತಾರೆ. ಅಲ್ಲಿನ ನೂಲುಪುಡಿ ಮುಚ್ಚಳದಿಂದ ಲೆನ್ಸಿನ ಹಿಂಭಾಗಕ್ಕೆ ಹತ್ತಿ ಅಲ್ಲಿಂದ ಕ್ಯಾಮೆರಾ ಒಳಗೆ ಸೇರುತ್ತದೆ. ಮುಚ್ಚಳವನ್ನೂ ಬಾಡಿ ಕ್ಯಾಪನ್ನೂ (ಕ್ಯಾಮೆರಾದ ಬಾಯಿಗೆ ಹಾಕುವ ಮುಚ್ಚಳ) ಆಗಾಗ ತೊಳೆದು ಪೂರ್ತಿ ಒಣಗಿಸಿ. ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆಫ್ ಇರಲಿ, ಮೌಂಟ್ ಕೆಳಮುಖವಾಗಿರಲಿ.

ಎರಡು ಸಲ ಒದ್ದೆ ಸ್ವಾಬ್ ಹಾಕಿದ ಮೇಲೂ ಚುಕ್ಕೆ ಕೂದಲೆಳೆಯಷ್ಟೂ ಕದಲದಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಕಣ ಫಿಲ್ಟರಿನ ಹಿಂದೆ ಸೇರಿರಬಹುದು ಅಥವಾ ಮೇಲಿನ ಕೋಟಿಂಗ್ ಕಿತ್ತಿರಬಹುದು. ಎರಡಕ್ಕೂ ಒಳಭಾಗ ಬಿಚ್ಚಬೇಕು, ಅದು ಸರ್ವೀಸ್ ಸೆಂಟರಿನ ಕೆಲಸ. ಕೊಡುವಾಗ ಟೆಸ್ಟ್ ಫೋಟೋವನ್ನೂ ಜೊತೆಗೆ ಕೊಡಿ.