ಕಂಪ್ಯೂಟರ್ ಭದ್ರತೆ: ಇಂಜಿನಿಯರ್‌ರನ್ನು ಕೇಳಿ

ಬೆಲ್ಲದ ವ್ಯಾಪಾರಿ, ಮಂಡ್ಯ: ಸಾರ್, ಅಂಗಡಿಯ ಕಂಪ್ಯೂಟರ್ ವಿಂಡೋಸ್ 7. ಆಲೆಮನೆಯವರ ಬಾಕಿ ಲೆಕ್ಕವೆಲ್ಲ ಅದರಲ್ಲೇ ಇದೆ. ಮನೆಯಿಂದ ಲೆಕ್ಕ ನೋಡಲೆಂದು ರಿಪೇರಿಯವರು ರೌಟರ್‌ನಲ್ಲಿ 3389 ಪೋರ್ಟ್ ತೆರೆದುಕೊಟ್ಟಿದ್ದಾರೆ. ಈಗ ಯಾರೋ ಲಾಗಿನ್‌ಗೆ ಪ್ರಯತ್ನಿಸುತ್ತಿರುವುದು ಕಾಣುತ್ತಿದೆ.

ಇಂಜಿನಿಯರ್, ಮೈಸೂರು: ಮೊದಲು ಆ ಪೋರ್ಟ್ ಮುಚ್ಚಿಸಿ, ಉಳಿದದ್ದನ್ನು ಆಮೇಲೆ ಓದಿ.

ಅದು ರಿಮೋಟ್ ಡೆಸ್ಕ್‌ಟಾಪ್‌ನ, ಅಂದರೆ ದೂರದಿಂದ ಕಂಪ್ಯೂಟರ್ ನಡೆಸುವ ಸೇವೆಯ, ಪೋರ್ಟ್ (ಬಾಗಿಲು). 2019ರ ಮೇ ತಿಂಗಳಲ್ಲಿ ಈ ಸೇವೆಯಲ್ಲೇ ಬ್ಲೂಕೀಪ್ ಎಂಬ ದೋಷ ಬಯಲಾಯಿತು. ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಬಹುದು, ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿ ಹರಡಬಹುದು. ಬೆಂಬಲ ಎಂದೋ ಮುಗಿದಿದ್ದ ಹಳೆಯ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ (ದೋಷ ಮುಚ್ಚುವ ತಿದ್ದುಪಡಿ) ಕೊಟ್ಟಿತೆಂದರೆ ಅದರ ಗಂಭೀರತೆ ತಿಳಿಯಿರಿ. ನಿಮ್ಮ ವಿಂಡೋಸ್ 7ರ ಬೆಂಬಲವೂ 2020ರ ಜನವರಿ 14ಕ್ಕೇ ಮುಗಿದಿದೆ. ಆಮೇಲೆ ಸಿಕ್ಕ ದೋಷಗಳೆಲ್ಲ ಅದರಲ್ಲಿ ಹಾಗೆಯೇ ಉಳಿದಿರುತ್ತವೆ.

ಯಂತ್ರದಲ್ಲಿ ನಡೆದದ್ದರ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆಯಿರಿ. 4625 ಎಂದರೆ ಸೋತ ಲಾಗಿನ್, ಅದಕ್ಕೆ ಹೆದರಬೇಡಿ. 4624 (ಗೆದ್ದ ಲಾಗಿನ್) ಇದ್ದು, ಲಾಗಾನ್ ಟೈಪ್ 10 (ದೂರದಿಂದ ಬಂದದ್ದು) ಎಂದಿದ್ದು, ನೀವು ಬಳಸದ ಹೊತ್ತಿನದಾಗಿದ್ದರೆ ತಕ್ಷಣ ಬರೆಯಿರಿ. ಬ್ಯಾಕಪ್ ಡಿಸ್ಕ್ ಸಿಕ್ಕಿಸಿಯೇ ಇಟ್ಟಿದ್ದರೆ ಕಳಚಿ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ.

ಗೃಹಿಣಿ, ಕುವೆಂಪುನಗರ: ವಿಂಡೋಸ್ 10 ಇಟ್ಟುಕೊಳ್ಳಬಹುದೇ ಸಾರ್?

ಇಂಜಿನಿಯರ್: ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹನ್ನೊಂದಕ್ಕೆ ಬದಲಾಯಿಸಿ.

ನಿವೃತ್ತ ನೌಕರ, ಮದ್ದೂರು: ಬಂದ ಸಂದೇಶ: ಈ ಎಪಿಕೆ (ಆ್ಯಪ್ ಫೈಲ್) ಹಾಕಿಕೊಂಡರೆ ಯಾವ ಹ್ಯಾಕರ್ ಕೂಡ ಹತ್ತಿರ ಸುಳಿಯುವುದಿಲ್ಲ. ಹತ್ತು ಗುಂಪುಗಳಿಗೆ ಕಳಿಸಿ.

ಇಂಜಿನಿಯರ್: ಯಾರೂ ಒತ್ತಬೇಡಿ. ಪ್ಯಾಚ್ ಬರುವುದು ತಯಾರಕರಿಂದ, ವಾಟ್ಸ್‌ಆ್ಯಪ್‌ನಿಂದಲ್ಲ. ಹೀಗೆ ಬರುವ ಎಪಿಕೆಗಳಿಂದಲೇ ಜನ ಬ್ಯಾಂಕಿನ ಹಣ ಕಳೆದುಕೊಳ್ಳುತ್ತಿದ್ದಾರೆ. ಅಳಿಸಿಬಿಡಿ.

ನಿವೃತ್ತ ನೌಕರ: ಒಳ್ಳೆಯದಕ್ಕೇ ಹಾಕಿದ್ದು. ಇಷ್ಟು ಗದರಬೇಕಾಗಿರಲಿಲ್ಲ.

ಡಿಟಿಪಿ ಅಂಗಡಿ, ಮಂಡ್ಯ: ಫೈಲ್ ಕುಗ್ಗಿಸುವ ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗುತ್ತದೆಯೇ?

ಉಪನ್ಯಾಸಕ, ಮೈಸೂರು: ಎಲ್ಲರೂ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡರೆ ಈ ಗೋಳೇ ಇರುವುದಿಲ್ಲ.

ಕಂಪ್ಯೂಟರ್ ಮಾರಾಟಗಾರ: 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಸಿಕ್ಕಿದ್ದು ಎಲ್ಲಿ? ಲಿನಕ್ಸ್‌ನಲ್ಲೇ.

ಉಪನ್ಯಾಸಕ: ಹಿಡಿದದ್ದೂ ಆಕರ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿದ್ದುದರಿಂದಲೇ. ಲಾಗಿನ್ ಅರ್ಧ ಸೆಕೆಂಡ್ ತಡವಾಯಿತೆಂದು ಆಂಡ್ರೆಸ್ ಫ್ರಾಯಿಂಡ್ ಬೆನ್ನುಹತ್ತಿದರು.

ಮಾರಾಟಗಾರ: ಅವರು ಮೈಕ್ರೋಸಾಫ್ಟ್ ಇಂಜಿನಿಯರ್, ಸ್ವಾಮಿ.

ಉಪನ್ಯಾಸಕ: ಪರವಾನಗಿಯಿಲ್ಲದ ವಿಂಡೋಸ್ ಹಾಕಿಕೊಡುವವರು ನನಗೆ ಪಾಠ ಹೇಳಬೇಕಿಲ್ಲ.

ಮಾರಾಟಗಾರ: ನಾಲಿಗೆ ಬಿಗಿಹಿಡಿದು ಮಾತನಾಡಿ.

ವಿದ್ಯಾರ್ಥಿ, ಶ್ರೀರಂಗಪಟ್ಟಣ: ಸಾರ್, ವಿಂಡೋಸ್ 10 ಸಾಕೇ?

ಇಂಜಿನಿಯರ್: ಮೇಲೆ ಓದಿ.

ಬೆಲ್ಲದ ವ್ಯಾಪಾರಿ: ಸಾರ್, 4624, ಟೈಪ್ 10, ರಾತ್ರಿ 2:40. ಆಗ ನಾವು ಯಾರೂ ಎದ್ದಿರಲಿಲ್ಲ.

ಇಂಜಿನಿಯರ್: ನೆಟ್ ಕೇಬಲ್ ಕೀಳಿ. ಯಂತ್ರ ಆಫ್ ಮಾಡಬೇಡಿ, ಏನನ್ನೂ ಅಳಿಸಬೇಡಿ. ಬ್ಯಾಂಕ್ ಪಾಸ್‌ವರ್ಡ್ ಬೇರೆ ಫೋನಿನಿಂದ ಬದಲಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಈಗಲೇ ಹೇಳಿ. ಉಳಿದವರು ಸ್ವಲ್ಪ ಸುಮ್ಮನಿರಿ. ಯಜಮಾನರೇ, ಫೋನ್ ಕೈಯಲ್ಲಿಟ್ಟುಕೊಳ್ಳಿ, ಕರೆ ಮಾಡುತ್ತಿದ್ದೇನೆ.